ಕೆರೆಗೆ ಕಂಬಿ ಹಾಕೋ ಮುಂಚೆ ನಾಲ್ಕು ಮೆಟ್ಟಿಲು ಬಿಡಿ

ಈ ಸಲ ಸ್ವಲ್ಪ ಜಗಳದ ಮೂಡಿನಲ್ಲಿದ್ದೀನಿ, ಮೊದಲೇ ಹೇಳಿಬಿಡ್ತೀನಿ. ವಿಷಯ ಕೆರೆ. ಕೆರೆ ಅಂದ ಕೂಡಲೇ ಒತ್ತುವರಿ, ಚರಂಡಿ ನೀರು, ನೊರೆ ಅಂತ ಬೆಂಗಳೂರಿನ ಕಥೆ ಶುರು ಮಾಡ್ತಾನೆ ಅಂದ್ಕೋಬೇಡಿ. ಅದನ್ನ ನನಗಿಂತ ಚೆನ್ನಾಗಿ ಬರೆಯೋರು ನಿಮ್ಮಲ್ಲೇ ಹತ್ತು ಜನ ಇದ್ದೀರಿ. ನಾನು ಹೇಳೋಕೆ ಹೊರಟಿರೋದು "ಅಭಿವೃದ್ಧಿ" ಆದ ಕೆರೆ ಬಗ್ಗೆ. ಹೂಳು ತೆಗೆದು, ದಡಕ್ಕೆ ಕಲ್ಲು ಕಟ್ಟಿ, ಸುತ್ತ ಟೈಲ್ಸ್ ಹಾಸಿ, ಬಣ್ಣದ ಲೈಟು ಬಿಟ್ಟು, ರಿಬ್ಬನ್ ಕತ್ತರಿಸಿದ ಕೆರೆ. ಎಲ್ಲರೂ ಮೆಚ್ಚಿಕೊಳ್ಳೋ ಕೆರೆ. ಅದರ ಮೇಲೆ ನನ್ನ ತಕರಾರು ಒಂದೇ: ಅಲ್ಲಿ ನೀರಿಗೆ ಕೈ ಎಟುಕಲ್ಲ.

ಹಿನ್ನೆಲೆ ಹೇಳಿಬಿಡ್ತೀನಿ. ಹೊಸಪೇಟೆಯಲ್ಲಿ ನಾವೊಂದು ಐದಾರು ಜನ ಇದ್ದೀವಿ, ಆಟದ ಬೋಟು ಮಾಡಿ ನೀರಿಗೆ ಬಿಡೋರು. ವಯಸ್ಸು ಕೇಳಬೇಡಿ :) ಒಬ್ಬರು ರಿಟೈರ್ಡ್ ಮೇಷ್ಟ್ರು, ಇಬ್ಬರು ಫ್ಯಾಕ್ಟರಿಯೋರು, ಒಬ್ಬ ಮೊಬೈಲ್ ರಿಪೇರಿ ಅಂಗಡಿಯವನು (ನಮ್ಮ ಗುಂಪಿನ ನಿಜವಾದ ಇಂಜಿನಿಯರ್ ಇವನೇ), ನಾನು, ಮತ್ತೆ ರಜೆ ದಿನ ಬಂದು ಸೇರೋ ಓಣಿ ಹುಡುಗರು. ಕೆಲವು ಬೋಟು ರಿಮೋಟಿನವು: ಥರ್ಮಾಕೋಲ್ ಇಲ್ಲಾ ಪ್ಲೈವುಡ್ಡಿನ ಮೈ, ಒಳಗೆ ಹಳೇ ಡ್ರಿಲ್ಲಿಂಗ್ ಮಿಷಿನ್ನಿನ ಮೋಟರು, ಹಿಂದೆ ಒಂದು ಪುಟ್ಟ ಫ್ಯಾನು. ಎರಡು ಹಾಯಿ ಬೋಟು. ಉಳಿದದ್ದು ಹುಡುಗರ ಕೈಗೆ ಸಿಕ್ಕಿದ್ದು.

ಇದೇನೋ ಫಾರಿನ್ ಚಟ ಅಂತ ಮೂಗು ಮುರಿಯೋರಿಗೆ ಒಂದು ಮಾತು. ನಮ್ಮ ಕಡೆ ಜೋಳದ ದಂಟು ಸೀಳಿ, ಒಳಗಿನ ಬೆಂಡು ತೆಗೆದು, ಸಿಪ್ಪೆಯ ಕಡ್ಡಿ ಚುಚ್ಚಿ ಬಂಡಿ, ಎತ್ತು, ಕನ್ನಡಕ ಮಾಡದ ಹುಡುಗ ಇರಲಿಲ್ಲ. ಆ ಬೆಂಡು ನೀರಿಗೆ ಬಿಟ್ಟರೆ ಮುಳುಗಲ್ಲ. ಬಂಡಿ ಮಾಡಿದವನು ಮಳೆಗಾಲದಲ್ಲಿ ಅದನ್ನೇ ದೋಣಿ ಮಾಡ್ತಿದ್ದ. ಇನ್ನು ಜಾತ್ರೆ ಬೋಟು. ತಗಡಿನದು, ಒಳಗೊಂದು ಪುಟ್ಟ ಎಣ್ಣೆ ಬತ್ತಿ, ಹಚ್ಚಿದರೆ ಪಟಪಟಪಟ ಅಂತ ಬೋಗುಣಿಯಲ್ಲಿ ಸುತ್ತೋದು. ಹುಲಿಗಿ ಜಾತ್ರೆಗೆ ಹೋಗಿ ಅದನ್ನ ಕೊಡಿಸು ಅಂತ ಹಟ ಮಾಡಿ ಬೆನ್ನಿಗೆ ಗುದ್ದು ತಿಂದವರು ಇದನ್ನ ಓದ್ತಾ ಇದ್ದರೆ ಕೈ ಎತ್ತಿ! ಅದು ನಿಜವಾಗಿ ಒಂದು ಉಗಿ ಯಂತ್ರ. ಬತ್ತಿ ಬಿಸಿಗೆ ಒಳಗಿನ ನೀರು ಉಗಿಯಾಗಿ ಕೊಳವೆ ನೀರನ್ನ ಹಿಂದಕ್ಕೆ ಚಿಮ್ಮಿಸುತ್ತೆ, ಉಗಿ ತಣ್ಣಗಾದಾಗ ನೀರು ಮತ್ತೆ ಒಳಗೆ ಬರುತ್ತೆ. ಹೋಗೋವಾಗ ನೀರು ನೇರ ಚಿಮ್ಮಿ ಹೋಗುತ್ತೆ, ಬರೋವಾಗ ಸುತ್ತಲಿಂದ ಬರುತ್ತೆ. ಅದಕ್ಕೇ ಬೋಟು ಮುಂದಕ್ಕೆ ಹೋಗುತ್ತೆ, ಹಿಂದಕ್ಕೆ ಬರಲ್ಲ. ಚಾಲಿಸೋ ಭಾಗ ಅನ್ನೋದೇ ಇಲ್ಲ ಅದರಲ್ಲಿ. ಎನ್‌ಸಿಸಿಯ ನೌಕಾ ವಿಭಾಗದ ಮಕ್ಕಳಿಗೆ ಹಡಗಿನ ಮಾದರಿ ಮಾಡೋ ಸ್ಪರ್ಧೆಯೇ ಇದೆ, ನೌ ಸೈನಿಕ್ ಕ್ಯಾಂಪಿನಲ್ಲಿ. ಹಾಗಾಗಿ ಇದು ಕೆಲಸಕ್ಕೆ ಬಾರದ್ದು ಅನ್ನೋ ವಾದವನ್ನ ಇಲ್ಲೇ ಮುಗಿಸಿ ಮುಂದೆ ಹೋಗ್ತೀನಿ.

ನಾವು ಬೋಟು ಬಿಡ್ತಿದ್ದ ಕೆರೆಯ ಹೆಸರು ಬರೆಯಲ್ಲ, ಕೆಲಸ ಮಾಡಿಸಿದ ಇಲಾಖೆಯದ್ದೂ ಬೇಡ. ಇದು ಒಂದು ಕೆರೆಯ ಕಥೆ ಅಲ್ಲ, ನಿಮ್ಮೂರಲ್ಲೂ ಇದೇ ಆಗಿರುತ್ತೆ. ಪಕ್ಕದಲ್ಲಿ ಒಂದು ಪಾರ್ಕು, ಪಾರ್ಕು ಮುಗಿದಲ್ಲಿ ಇಳಿಜಾರು, ಇಳಿಜಾರಿನ ಕೊನೆಗೆ ನೀರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ನಾವೂ ಹಿಂದೆ ಸರಿದು ಕೂರ್ತಿದ್ವಿ. ಎಮ್ಮೆ ಇಳೀತಿತ್ತು, ಹೆಂಗಸರು ಬಟ್ಟೆ ಒಗೀತಿದ್ದರು, ಮೀನಿನೋರು ಹರಿಗೋಲು ಬೋರಲು ಹಾಕಿ ಬಿಸಿಲಿಗೆ ಒಣಗಿಸ್ತಿದ್ದರು. ಹಾಗಂತ ಅದೇನು ಸ್ವರ್ಗ ಆಗಿರಲಿಲ್ಲ. ಒಂದು ಕಡೆ ಬಳ್ಳಾರಿ ಜಾಲಿ, ಇನ್ನೊಂದು ಕಡೆ ಊರಿನ ಚರಂಡಿ, ದಡದ ತುಂಬ ಬಾಟಲಿ ಚೂರು. ಆಮೇಲೆ ಅಭಿವೃದ್ಧಿ ಬಂತು. ಜಾಲಿ ಹೋಯಿತು, ಚರಂಡಿ ತಿರುಗಿಸಿದರು. ಇವೆರಡಕ್ಕೂ ಕೈ ಮುಗೀತೀನಿ, ವ್ಯಂಗ್ಯ ಇಲ್ಲದೆ.

ಜೊತೆಗೇ ಬಂದದ್ದು ಸುತ್ತಲೂ ಕಡಿದಾದ ಕಲ್ಲಿನ ಗೋಡೆ, ಅದರ ಮೇಲೆ ಸೊಂಟದೆತ್ತರ ಸ್ಟೀಲಿನ ಕಂಬಿ, ಕಂಬಿಯ ಈಚೆ ವಾಕಿಂಗ್ ಟ್ರ್ಯಾಕು. ನೀರು ತುಂಬಿದ್ದಾಗಲೂ ಕೈಗೂ ನೀರಿಗೂ ನಾಲ್ಕಡಿ ಅಂತರ. ಮಾರ್ಚ್ ತಿಂಗಳಲ್ಲಿ ಹನ್ನೆರಡು ಅಡಿ. ಬೋಟಿಗೆ ಹಗ್ಗ ಕಟ್ಟಿ ಬಾವಿಗೆ ಕೊಡ ಬಿಟ್ಟ ಹಾಗೆ ಇಳಿಸಿ ನೋಡಿದ್ವಿ. ಇಳೀತು. ಬ್ಯಾಟರಿ ಮುಗಿದು ನಡುನೀರಲ್ಲಿ ನಿಂತಾಗ ತರೋದು ಯಾರು? ಮೊದಲು ಇದಕ್ಕೆ ಹರಿಗೋಲಿನ ತಾತ ಇದ್ದ. ಈಗ ಅವನ ಹರಿಗೋಲೂ ಇಳಿಯೋಕೆ ಜಾಗ ಇಲ್ಲ. ಕೋಡಿ ಹತ್ತಿರ ಕಂಬಿ ಮುಗಿಯೋ ಕಡೆಯಿಂದ ತಲೆ ಮೇಲೆ ಹೊತ್ತು ಸುತ್ತಿಕೊಂಡು ಬರಬೇಕು.

ಆಟದ ಬೋಟು ಹೋದರೆ ಹೋಯಿತು ಬಿಡಿ, ಅದಕ್ಕೋಸ್ಕರ ಇಷ್ಟುದ್ದ ಬರೀತಿರಲಿಲ್ಲ. ನಿಜವಾದ ವಿಷಯ ನನಗೆ ಗೊತ್ತಾಗಿದ್ದು ಆ ತಾತನ ಗಳದಿಂದ. ಒಂದಿನ ನಮ್ಮ ಬೋಟು ತರೋಕೆ ಹೋದವನು ದಡದಿಂದ ಹತ್ತು ಹೆಜ್ಜೆಗೆ ಗಳ ಊರಿ ಕೂಗಿದ, "ಸಾರ್, ಇಲ್ಲಿ ಮೊದ್ಲು ಮಣಕಾಲು ನೀರು ಇತ್ತು. ಈಗ ನೋಡ್ರಿ, ಗಳ ನೆಲಕ್ಕೆ ಮುಟ್ಟವಲ್ದು." ಅದು ಎರಡಾಳುದ್ದದ ಬಿದಿರು. ನಾನು "ನಡುವೆ ಎಷ್ಟೈತಿ ತಾತ?" ಅಂದೆ. ನಡುವೆ ಹೋಗಿ ಊರಿ ತೋರಿಸಿದ. ಎದೆಮಟ್ಟ!

ಯಾಕೆ ಹೀಗೆ ಅಂತ ಆಮೇಲೆ ಯೋಚನೆ ಮಾಡಿದರೆ ಬಹಳ ಸರಳ. ಕೆರೆ ಬತ್ತಿಸಿ ಹೂಳು ತೆಗೀತಾರಲ್ಲ, ನಡುವಿನ ಕೆಸರು ಒಣಗೋಕೆ ತಿಂಗಳುಗಟ್ಟಲೆ ಬೇಕು. ಟಿಪ್ಪರು ಅಲ್ಲಿಗೆ ಇಳಿದರೆ ಹೂತುಕೊಳ್ಳುತ್ತೆ. ಹಾಗಾಗಿ ಜೆಸಿಬಿ ದಡದ ಗಟ್ಟಿ ನೆಲದ ಹತ್ತಿರವೇ ನಿಂತು ಅಗೆಯುತ್ತೆ. ಲೋಡ್ ಲೆಕ್ಕದಲ್ಲಿ ದುಡ್ಡು, ಎಲ್ಲಿಂದ ತೆಗೆದರೂ ಲೋಡ್ ಲೋಡೇ. ಹೂಳಿನ ಕೆಳಗೆ ಒಳ್ಳೇ ಮಣ್ಣು ಸಿಕ್ಕರಂತೂ ಮುಗಿಯಿತು, ಇಟ್ಟಿಗೆ ಭಟ್ಟಿಗೂ ಲೇಔಟಿಗೂ ಹೋಗುತ್ತೆ. ಕೊನೆಗೆ ಕೆರೆ ಬಟ್ಟಲಿನ ಆಕಾರ ಬಿಟ್ಟು ತಲೆಕೆಳಗಾದ ತಟ್ಟೆ ಆಗುತ್ತೆ: ನಡುವೆ ದಿಬ್ಬ, ಅಂಚಲ್ಲಿ ಗುಂಡಿ. ಮಳೆಗಾಲದಲ್ಲಿ ನೀರು ತುಂಬಿ ಎಲ್ಲ ಒಂದೇ ಸಮ ಕಾಣುತ್ತೆ. ಕೆರೆಯಲ್ಲಿ, ಕೃಷಿ ಹೊಂಡದಲ್ಲಿ, ಕ್ವಾರಿ ಗುಂಡಿಯಲ್ಲಿ ಈಜೋಕೆ ಹೋದ ಮಕ್ಕಳು ಅಂತ ಪ್ರತಿ ಬೇಸಿಗೆ ರಜೆಯಲ್ಲೂ ಪೇಪರಲ್ಲಿ ಓದ್ತೀವಲ್ಲ, ಅದರಲ್ಲಿ ಎಷ್ಟೋ ಕಡೆ ಕೊಲ್ಲೋದು ಕೆರೆಯ ನೀರಲ್ಲ, ಜೆಸಿಬಿಯ ಗುಂಡಿ. ಮುಂಚೆ ಮಣಕಾಲು ಇದ್ದ ಜಾಗ ಅಂತ ನಂಬಿ ಇಳಿದವರು.

ಕಂಬಿ ಹಾಕಿದ್ದು ಮಕ್ಕಳ ಸುರಕ್ಷತೆಗೆ ಅಂತಾರೆ. ಕಂಬಿ ಹಾರೋಕೆ ಹತ್ತು ವರ್ಷದ ಹುಡುಗನಿಗೆ ಎಷ್ಟೊತ್ತು ಬೇಕು? ಹಾರಿದ ಮೇಲೆ ಕಾಲಡಿಗೆ ಇರೋದು ಜಾರೋ ಕಲ್ಲು, ಅದರ ಕೆಳಗೆ ಗುಂಡಿ. ಬಿದ್ದವನು ಹತ್ತಿ ಬರೋಕೆ ಹಿಡಿದುಕೊಳ್ಳೋಕೇನೂ ಇಲ್ಲ. ಇಳಿಜಾರು ದಡದಲ್ಲಿ ಬಿದ್ದವನು ತಾನೇ ಎದ್ದು ಬರ್ತಾನೆ. ಗೋಡೆ ಇದ್ದ ಕೆರೆ ಹೆಚ್ಚು ಅಪಾಯ ಅನ್ನೋದು ನನ್ನ ವಾದ, ಕಡಿಮೆ ಅಲ್ಲ.

ಈಗ ನೀವು ಹಂಪಿಗೆ ಬನ್ನಿ. ನಮ್ಮೂರಿಂದ ಹದಿಮೂರು ಕಿಲೋಮೀಟರು, ಬಸ್ ಸಿಗುತ್ತೆ :)

ಅರಮನೆ ಆವರಣದಲ್ಲಿ, ಮಹಾನವಮಿ ದಿಬ್ಬದ ಹತ್ತಿರ, ಕಪ್ಪು ಕಲ್ಲಿನ ಮೆಟ್ಟಿಲು ಪುಷ್ಕರಣಿ ನೋಡಿದ್ದೀರಲ್ಲ? 1980ರ ದಶಕದ ಉತ್ಖನನದಲ್ಲಿ ಸಿಕ್ಕಿದ್ದು. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ತಾರೆ, ಸಿಮ್ಮೆಟ್ರಿ ಎಷ್ಟು ಚೆನ್ನಾಗಿದೆ ಅಂತಾರೆ. ಕಲ್ಲಿನ ಮೇಲೆ ಯಾವ ಕಲ್ಲು ಯಾವ ಕಡೆ ಕೂರಬೇಕು ಅಂತ ಕೊರೆದ ಗುರುತುಗಳನ್ನ ಗೈಡು ತೋರಿಸ್ತಾನೆ. ನನಗೆ ಅಲ್ಲಿ ಕಾಣೋದು ಬೇರೆ. ಐದು ಹಂತ, ಹಂತ ಹಂತಕ್ಕೂ ಪುಟ್ಟ ಪುಟ್ಟ ಮೆಟ್ಟಿಲು. ನೀರು ತುಂಬಿದರೂ ಮೆಟ್ಟಿಲಿಗೆ ಬರುತ್ತೆ, ಅರ್ಧಕ್ಕೆ ಇಳಿದರೂ ಮೆಟ್ಟಿಲಿಗೇ, ತಳಕ್ಕೆ ಹೋದರೂ ಮೆಟ್ಟಿಲಿಗೇ. ಕಟ್ಟಿಸಿದವರಿಗೆ ಒಂದು ವಿಷಯ ಗೊತ್ತಿತ್ತು, ನೀರು ಒಂದೇ ಮಟ್ಟದಲ್ಲಿ ನಿಲ್ಲಲ್ಲ ಅಂತ. ನಮ್ಮ ಇಂಜಿನಿಯರ್ ಸಾಹೇಬರ ಡ್ರಾಯಿಂಗಿನಲ್ಲಿ ನೀರು ಯಾವಾಗಲೂ ತುಂಬಿರುತ್ತೆ, ನೀಲಿ ಬಣ್ಣದಲ್ಲಿ. ಬಳ್ಳಾರಿ ಸೀಮೆಯ ಕೆರೆ ವರ್ಷಕ್ಕೆ ಎಷ್ಟು ತಿಂಗಳು ತುಂಬಿರುತ್ತೆ ಸ್ವಾಮಿ?

ವಿರೂಪಾಕ್ಷ ದೇವಸ್ಥಾನದ ಪಕ್ಕದ ಮನ್ಮಥ ಹೊಂಡದಲ್ಲಿ ಫಲಪೂಜೆ ಸಮಯಕ್ಕೆ ತೆಪ್ಪೋತ್ಸವ ಆಗುತ್ತೆ. ದೇವರನ್ನ ಅಲಂಕಾರ ಮಾಡಿದ ತೆಪ್ಪದಲ್ಲಿ ಕೂರಿಸಿ ಹೊಂಡ ಸುತ್ತಿಸ್ತಾರೆ, ಜನ ಮೆಟ್ಟಿಲ ಮೇಲೆ ಕೂತು ನೋಡ್ತಾರೆ. ತಪ್ಪು ತಿಳೀಬೇಡಿ, ದೇವರ ತೆಪ್ಪವನ್ನ ನಮ್ಮ ಥರ್ಮಾಕೋಲ್ ಬೋಟಿಗೆ ಹೋಲಿಸ್ತಿಲ್ಲ. ನಿಂತ ನೀರು, ಪುಟ್ಟ ತೆಪ್ಪ, ಸುತ್ತ ಮೆಟ್ಟಿಲಲ್ಲಿ ಜನ ಅನ್ನೋ ಏರ್ಪಾಟು ನಮಗೆ ಹೊಸದಲ್ಲ ಅಂತ ಮಾತ್ರ ಹೇಳ್ತಿದ್ದೀನಿ. ಮನ್ಮಥ ಹೊಂಡಕ್ಕೆ ನಾಲ್ಕಡಿ ಗೋಡೆ, ಸ್ಟೀಲ್ ಕಂಬಿ ಹಾಕಿದ್ದರೆ ದೇವರನ್ನ ಕ್ರೇನಿನಲ್ಲಿ ಇಳಿಸಬೇಕಾಗ್ತಿತ್ತು.

ಹರಿಗೋಲಿನ ಮಾತು ಬಂತಲ್ಲ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಾಗ ಆನೆಗೊಂದಿ ಕಡೆ ದಾಟೋ ಜನರನ್ನ ನೋಡಿ ಬರೆದಿಟ್ಟಿದ್ದಾನೆ: ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸ್ತಾರೆ, ಬೇಕಾದರೆ ಕುದುರೆ ಎತ್ತುಗಳೂ, ಆದರೆ ನೆಟ್ಟಗೆ ಹೋಗಲ್ಲ, ತಿರುಗುತ್ತಲೇ ಇರುತ್ತೆ ಅಂತ. ಐನೂರು ವರ್ಷ ಆಯ್ತು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಮತ್ತೆ ಡಾಂಬರು, ಉಳಿದದ್ದೆಲ್ಲ ಅದೇ, ತಿರುಗೋದೂ ಅದೇ. ಕಂಪ್ಲಿ ಕೋಟೆಯ ಮೀನುಗಾರರ ಹತ್ತಿರ ಹೋಗಿ ನೋಡಿ, ಹುಟ್ಟನ್ನ ಎಂಟರ ಆಕಾರದಲ್ಲಿ ಎಳೆದು ಆ ತಿರುಗೋ ಬುಟ್ಟಿಯನ್ನ ನೆಟ್ಟಗೆ ಹೊಡೀತಾರೆ. ಡ್ಯಾಮಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತೆ, ಆಗ ಎಲ್ಲರಿಗೂ ಹರಿಗೋಲು ನೆನಪಾಗುತ್ತೆ. ನೀರು ಇಳಿದ ಮೇಲೆ ಮರೆತು ಹೋಗುತ್ತೆ. ಹೊಳೆಯಲ್ಲಿ ಪ್ರವಾಹ ಬಂದಾಗ ಹರಿಗೋಲು ಬಂದ್, ಕೆರೆಗೆ ಕಂಬಿ ಬಂದ ಮೇಲೆ ಅಲ್ಲೂ ಬಂದ್. ಹುಟ್ಟು ಹಾಕೋದನ್ನ ಮುಂದಿನ ಹುಡುಗ ಎಲ್ಲಿ ಕಲೀಬೇಕು? ಟಿವಿ ನೋಡಿ ಬರೋ ವಿದ್ಯೆ ಅಲ್ಲ ಅದು.

ಹೊರದೇಶದಲ್ಲಿ ಹೇಗಿದೆ ಅಂತ ಕೇಳ್ತೀರಿ, ಗೊತ್ತು. ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ 1904ರಲ್ಲಿ ಶುರುವಾದ ಆಟದ ಹಡಗಿನ ಕ್ಲಬ್ಬಿದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಆಟದ ಹಾಯಿ ದೋಣಿಗೇ ಹೆಸರಾದ ಕೊಳ ಇದೆ (ಇ. ಬಿ. ವೈಟ್‌ನ ಪುಸ್ತಕದ ಇಲಿಮರಿ ಸ್ಟುವರ್ಟ್ ಲಿಟ್ಲ್ ರೇಸಿಗೆ ಹೋಗೋದು ಅಲ್ಲಿಗೇ). ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದಲ್ಲಿ ಮಕ್ಕಳಿಗೆ ಮರದ ದೋಣಿ ಬಾಡಿಗೆಗೆ ಕೊಡ್ತಾರೆ, ಜೊತೆಗೆ ತಳ್ಳೋಕೆ ಒಂದು ಉದ್ದ ಕೋಲು. ಮೂರರಲ್ಲೂ ಒಂದು ವಿಷಯ ಗಮನಿಸಿ, ಕೊಳದ ಅಂಚು ಮಗುವಿನ ಮೊಣಕಾಲಿಗಿಂತ ಎತ್ತರ ಇಲ್ಲ, ಬಗ್ಗಿದರೆ ನೀರು. ಆದರೆ ಅವು ಮಾಡಿಸಿದ ಕೊಳಗಳು, ನಮ್ಮದು ಬೇಸಾಯದ ಕೆರೆ. ಅವರ ನಕಲು ಇಲ್ಲಿ ಬೇಡ. ಕಾಂಕ್ರೀಟ್ ತೊಟ್ಟಿ ಕಟ್ಟಿ ಅಂತ ನಾನು ಕೇಳ್ತಿಲ್ಲ.

ನಮ್ಮಲ್ಲೇ ದಾರಿ ಇದೆ. ಬೆಂಗಳೂರಿನ ಸ್ಯಾಂಕಿ ಕೆರೆ ನೋಡಿ, 1882ರಲ್ಲಿ ಕಟ್ಟಿಸಿದ್ದು. ಅಲ್ಲಿ ಗಣೇಶನ ವಿಸರ್ಜನೆಗೆ ಅಂತಲೇ ಪಕ್ಕದಲ್ಲಿ ಬೇರೆ ಕಲ್ಯಾಣಿ ಮಾಡಿದ್ದಾರೆ. ವರ್ಷಕ್ಕೆ ಹನ್ನೊಂದು ದಿನದ ಕೆಲಸಕ್ಕೆ ಜಾಗ ಬಿಡೋಕೆ ಆಗುತ್ತೆ ಅಂದರೆ, ವರ್ಷ ಪೂರ್ತಿ ನೀರಿಗಿಳಿಯೋ ಮೀನಿನವನಿಗೆ, ದನಕ್ಕೆ, ಆಟದ ಬೋಟಿಗೆ ಹತ್ತಡಿ ಜಾಗ ಬಿಡೋಕಾಗಲ್ವಾ?

ಇದನ್ನ ಈಗಲೇ ಯಾಕೆ ಎತ್ತಿದೆ ಅಂದರೆ, ನಮ್ಮ ಸೀಮೆಯಲ್ಲಿ ಕೆರೆ ಕಾಲುವೆ ಕೆಲಸಕ್ಕೆ ಇಷ್ಟು ದುಡ್ಡಿನ ಮಾತು ಹಿಂದೆ ಕೇಳಿರಲಿಲ್ಲ. ಸಂಡೂರಿನ ಕಡೆ ನೋಡಿ. ಗಣಿ ಧೂಳೆಲ್ಲ ಮಳೆಗೆ ಹರಿದು ಎಲ್ಲಿಗೆ ಹೋಗಬೇಕು? ಹಳ್ಳಕ್ಕೆ. ತಾರಾನಗರದ ನಾರಿಹಳ್ಳ ಜಲಾಶಯ, ಅದರಾಚೆ ದರೋಜಿ ಕೆರೆ, ಎಲ್ಲವೂ ಆ ಕಣಿವೆಯ ನೀರೇ. ಸುಪ್ರೀಂ ಕೋರ್ಟು 2011ರಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಬಾಧಿತ ಜಿಲ್ಲೆಗಳ ಪರಿಸರ ಸರಿಪಡಿಸೋಕೆ ಅಂತಲೇ ಗಣಿ ಪರಿಸರ ಪುನಶ್ಚೇತನ ನಿಗಮ ಬಂದಿದೆ. ಬಳ್ಳಾರಿ, ವಿಜಯನಗರ ಎರಡೂ ಅದರಲ್ಲಿ ಸೇರಿವೆ. ಇನ್ನೊಂದು ಕಡೆ ರಾಯ, ಬಸವಣ್ಣ, ತುರ್ತು ಅಂತ ಹೆಸರಿರೋ ವಿಜಯನಗರ ಕಾಲದ ಕಾಲುವೆಗಳ ಆಧುನೀಕರಣ, ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ನೆರವಿನಲ್ಲಿ. ಕಮಲಾಪುರ ಕೆರೆಗೆ ನೀರು ಬರೋದು ಇದೇ ರಾಯ ಕಾಲುವೆಯಿಂದ. ಇನ್ನು ಡ್ಯಾಮಿನ ಕಥೆ ನಿಮಗೆಲ್ಲ ಗೊತ್ತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿ ಹೋಯಿತು, ವಾರದೊಳಗೆ ಹರಿಯೋ ನೀರಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಆಮೇಲೆ 33 ಗೇಟೂ ಬದಲಿಸೋಕೆ ಅಂತ 2025-26ರ ಎರಡನೇ ಬೆಳೆಗೆ ನೀರು ಕೊಡಲ್ಲ ಅಂತ ತೀರ್ಮಾನ ಆಯ್ತು. ಡ್ಯಾಮಿನ ಸಾಮರ್ಥ್ಯ ಮೊದಲಿದ್ದ 133 ಟಿಎಂಸಿಯಿಂದ ಹೂಳು ತುಂಬಿ 105.78ಕ್ಕೆ ಇಳಿದಿದೆ. ದೊಡ್ಡದರಲ್ಲಿ ಹೂಳು ತುಂಬಿದಷ್ಟೂ ಸಣ್ಣ ಕೆರೆಗಳ ಮೇಲೆ ಕಣ್ಣು ಬೀಳುತ್ತೆ. ಬೀಳಲಿ, ಸಂತೋಷ. ಜೆಸಿಬಿ ಜೊತೆ ಸ್ವಲ್ಪ ಬುದ್ಧಿಯೂ ಬರಲಿ.

ಬರೀ ದೊಡ್ಡದಾಗಿ ಕಟ್ಟಿದರೆ ಸಾಲದು ಅನ್ನೋದಕ್ಕೆ ನಮ್ಮೂರ ರಾಯರ ಕೆರೆಗಿಂತ ಸಾಕ್ಷಿ ಬೇಕಾ? ಹೊಸಪೇಟೆಯ ಎರಡು ಗುಡ್ಡಗಳ ನಡುವೆ ಕೃಷ್ಣದೇವರಾಯ ಕಟ್ಟಿಸಿದ ಏರಿ. ಪಾಯೆಸ್ ಬಂದಾಗ ಹದಿನೈದಿಪ್ಪತ್ತು ಸಾವಿರ ಜನ ಇರುವೆ ಸಾಲಿನ ಹಾಗೆ ಕೆಲಸ ಮಾಡ್ತಿದ್ದರಂತೆ. ಎರಡು ಮೂರು ಸಲ ಒಡೆದು, ನರಬಲಿ ಕೂಡ ಕೊಟ್ಟರು ಅಂತ ಬರೆದಿದ್ದಾನೆ. ಇಷ್ಟೆಲ್ಲ ಆದ ಕೆರೆಯ ಅಂಗಳದಲ್ಲಿ ನಾನು ಕಂಡಿದ್ದು ಹೊಲ, ಏರಿ ಮೇಲೆ ಓಡೋ ಲಾರಿ. ಅದೇ ಕಾಲದ, ಅದಕ್ಕಿಂತ ಸಣ್ಣದಾದ ಕಮಲಾಪುರ ಕೆರೆಯಲ್ಲಿ ಇವತ್ತಿಗೂ ನೀರಿದೆ, ಕೆಳಗೆ ಗದ್ದೆ ಇದೆ. ಕಾಲುವೆ ಜೊತೆ, ದಿನಾ ಬಳಸೋ ಜನರ ಜೊತೆ ಅದರ ಸಂಬಂಧ ಕಡಿದುಹೋಗಲಿಲ್ಲ, ಅದೂ ಒಂದು ಕಾರಣ ಅಂತ ನನ್ನ ಅಂದಾಜು. (ಅಂದ ಹಾಗೆ ಕಮಲಾಪುರ ಕೆರೆ ಇರೋದು ಹಂಪಿ ಪರಂಪರೆ ಪ್ರದೇಶದಲ್ಲಿ, ಅಲ್ಲಿ ಹೊಸದಾಗಿ ಏನೂ ಕಟ್ಟೋದು ಬೇಡ. ಇದ್ದ ದಡವನ್ನ ಹಾಗೇ ಬಿಟ್ಟರೆ ಸಾಕು.)

ಹಾಗಾದರೆ ಏನು ಮಾಡಬೇಕು ಅಂತೀಯ, ಬರೀ ಬೈಯ್ತೀಯ ಅನ್ನಬೇಡಿ. ಕೇಳೋದು ಬಹಳ ಕಮ್ಮಿ. ಪಾರ್ಕಿನ ಕಡೆ ಒಂದು ಹತ್ತು ಹನ್ನೆರಡು ಅಡಿ ಅಗಲಕ್ಕೆ ಗೋಡೆ ಬದಲು ಮೆಟ್ಟಿಲು, ಅದೂ ತುಂಬಿದ ಮಟ್ಟದಿಂದ ತೂಬಿನ ಮಟ್ಟದವರೆಗೆ ಇಳಿಯೋ ಮೆಟ್ಟಿಲು, ಮೇಲೆ ನಾಲ್ಕು ಹಾಕಿ ನಿಲ್ಲಿಸೋದಲ್ಲ. ಅದರ ಪಕ್ಕ ಹರಿಗೋಲು, ದನ ಇಳಿಯೋ ಹಾಗೆ ಒರಟು ಕಲ್ಲು ಹಾಸಿದ ಇಳಿಜಾರು. ಇವೆರಡರ ಮುಂದೆ ನೀರೊಳಗೆ ಇಪ್ಪತ್ತಡಿಯಾದರೂ ಮಣಕಾಲಿಂದ ಸೊಂಟದವರೆಗೆ ನಿಧಾನ ಇಳಿಯೋ ನೆಲ, ಅಲ್ಲಿ ಜೆಸಿಬಿ ಬಾಯಿ ಹಾಕಬಾರದು. ಈ ಕೊನೆಯದಕ್ಕೆ ದುಡ್ಡೇ ಬೇಡ, ಅಗೆಯದೆ ಇದ್ದರೆ ಆಯ್ತು! ಅಗೆದಿದ್ದ ಕಡೆ ಎಷ್ಟು ಆಳ ಅಂತ ಒಂದು ಬೋರ್ಡು. "ಈಜು ನಿಷೇಧಿಸಲಾಗಿದೆ" ಅಂತಲ್ಲ, "ಇಲ್ಲಿ 14 ಅಡಿ" ಅಂತ. ಮೊದಲನೆಯದನ್ನ ಯಾರೂ ಓದಲ್ಲ, ಎರಡನೆಯದನ್ನ ಓದಿದವನು ನಿಲ್ತಾನೆ.

ಹಾಯಿ ಬೋಟಿನೋರ ಕಡೆಯಿಂದ ಒಂದು ಪುಟ್ಟ ಅರ್ಜಿ. ನಮ್ಮಲ್ಲಿ ಗಾಳಿ ಜೋರು ಇರೋದು ಆಷಾಢ ಶ್ರಾವಣದಲ್ಲಿ, ಪಡುವಣದಿಂದ. ಪಡುವಣ ದಡದಲ್ಲಿ ಸಾಲಾಗಿ ಎತ್ತರದ ಗಿಡ ನೆಟ್ಟರೆ ನೀರ ಮೇಲೆ ಗಾಳಿ ಮುರಿದು ಸುಳಿ ಸುಳಿ ಆಗುತ್ತೆ, ಬೋಟು ನಿಂತಲ್ಲೇ ಗಿರಕಿ. ನೆರಳಿಗೆ ಗಿಡ ಬೇಕು, ಒಪ್ತೀನಿ, ಮೂಡಣಕ್ಕೆ, ತೆಂಕಣಕ್ಕೆ ನೆಡಿ. ಮತ್ತೆ ಜೊಂಡು. ಒಂದು ಮೀಟರ್ ಉದ್ದದ ರೇಸಿಂಗ್ ಹಾಯಿ ಬೋಟಿಗೆ ತಳದಿಂದ ಕೆಳಗೆ ತೂಕ ಕಟ್ಟಿದ ಹಲಗೆ ಇರುತ್ತೆ, ನೀರೊಳಗೆ 42 ಸೆಂಟಿಮೀಟರ್‌ವರೆಗೆ ಇಳಿಯುತ್ತೆ. ಜೊಂಡು ಸಿಕ್ಕಿಕೊಂಡರೆ ಅಲ್ಲಿಗೆ ಆ ಭಾನುವಾರ ಮುಗೀತು. ಆದರೆ ಎಲ್ಲ ಜೊಂಡು ಕಿತ್ತುಹಾಕಿ ಅಂತ ಹೇಳಲಾರೆ, ಅದರೊಳಗೆ ನೀರುಕೋಳಿ ಗೂಡು ಕಟ್ಟಿರುತ್ತೆ. ಮೆಟ್ಟಿಲ ಮುಂದೆ ಒಂದಿಷ್ಟು ಬಿಡಿಸಿದರೆ ಸಾಕು, ಅದನ್ನ ನಾವೇ ಬಂದು ಮಾಡ್ತೀವಿ, ಬಿಟ್ಟರೆ.

ಇದನ್ನೆಲ್ಲ ಬಿಳಿ ಹಾಳೆ ಮೇಲೆ ಬರೆದುಕೊಂಡು, ಮೇಷ್ಟ್ರನ್ನ ಮುಂದಿಟ್ಟುಕೊಂಡು ಸಂಬಂಧಪಟ್ಟ ಆಫೀಸಿಗೆ ಹೋಗಿದ್ವಿ. ಮರ್ಯಾದೆಯಾಗಿ ಕೂರಿಸಿ ಚಹಾ ಕೊಟ್ಟರು, ಸುಳ್ಳು ಹೇಳಬಾರದು. "ಮೇಷ್ಟ್ರೇ, ಡಿಪಿಆರ್‌ನಲ್ಲಿ ಇಲ್ಲವಲ್ಲ" ಅಂದರು. ಡಿಪಿಆರ್ ಮಾಡೋಕೆ ಮುಂಚೆ ಯಾರನ್ನ ಕೇಳಿದ್ರಿ ಅಂದರೆ ಕನ್ಸಲ್ಟೆಂಟು ಅಂದರು. ಕನ್ಸಲ್ಟೆಂಟು ಕೆರೆ ನೋಡಿದ್ದರಾ ಅಂದರೆ ಡ್ರೋನ್ ಬಿಟ್ಟಿದ್ದರಂತೆ. ಮೇಷ್ಟ್ರು ಏನೂ ಅನ್ನಲಿಲ್ಲ, ಚಹಾ ಕುಡಿದು ಕನ್ನಡಕ ಒರೆಸಿಕೊಂಡರು. ಡ್ರೋನಿಗೆ ನೀರಿನ ಮೇಲ್ಮೈ ಕಾಣುತ್ತೆ, ತಾತನ ಗಳಕ್ಕೆ ತಳ ಕಾಣುತ್ತೆ. ಹೂಳೆತ್ತೋ ಕೆಲಸಕ್ಕೆ ಬಿಲ್ ಪಾಸ್ ಮಾಡೋ ಮುಂಚೆ ಒಬ್ಬ ಮೀನಿನವನನ್ನ ಹರಿಗೋಲಿನಲ್ಲಿ ಕಳಿಸಿ, ಹತ್ತಡಿಗೊಂದು ಸಲ ಗಳ ಊರಿಸಿ, ಅವನಿಗೆ ಒಂದು ದಿನದ ಕೂಲಿ ಕೊಟ್ಟರೆ ಎಷ್ಟಾಗುತ್ತೆ? ಬಣ್ಣದ ಲೈಟಿನ ಒಂದು ಕಂಬದ ರೇಟಿನಷ್ಟೂ ಆಗಲ್ಲ.

ಆಟಕ್ಕೆಲ್ಲ ಸರ್ಕಾರದ ದುಡ್ಡು ಯಾಕೆ ಅಂತ ಗೆಳೆಯನೊಬ್ಬ ಜಗಳಕ್ಕೆ ಬಂದ. ವಾಕಿಂಗೂ ಆಟವೇ ಅಲ್ವೇನೋ, ನಿನ್ನ ಹೊಟ್ಟೆ ಕರಗಿಸೋಕೆ ಎರಡು ಕಿಲೋಮೀಟರ್ ಟೈಲ್ಸ್ ಹಾಕಿದ್ದಾರೆ, ನಮಗೆ ಹತ್ತಡಿ ಮೆಟ್ಟಿಲು ಕೇಳಿದರೆ ತಪ್ಪಾ ಅಂದೆ. ಅವನು ನಕ್ಕ, ಒಪ್ಪಲಿಲ್ಲ. ಕಂಬಿ ಇಲ್ಲದಿದ್ದರೆ ಕಸ ಹಾಕ್ತಾರೆ, ಬಟ್ಟೆ ಒಗೀತಾರೆ, ಕೆರೆ ಮತ್ತೆ ಹಾಳು ಅಂತ ಅವನ ವಾದ. ಅದರಲ್ಲಿ ಅರ್ಧ ನಿಜ ಇದೆ. ಸೋಪಿನ ನೀರು ಕೆರೆಗೆ ಒಳ್ಳೇದಲ್ಲ. ಒಗೆಯೋಕೆ ಬೇರೆ ಕಲ್ಲು, ಬೇರೆ ಮೋರಿ ಮಾಡಿಕೊಡಬೇಕು, ಓಡಿಸೋದಲ್ಲ. ಕಸದ ವಿಷಯದಲ್ಲಿ ಮಾತ್ರ ನಾನು ಕಂಡಿದ್ದು ಉಲ್ಟಾ. ಕಂಬಿ ಬಂದ ಮೇಲೆ ಜನ ಕಂಬಿ ಮೇಲಿಂದ ಕಸ ಎಸೀತಾರೆ. ಮುಂಚೆ ದಡದಲ್ಲಿ ಕೂರ್ತಿದ್ದವರು ತಾವು ಕೂರೋ ಜಾಗಕ್ಕೆ ಎಸೀತಿರಲಿಲ್ಲ. ತೇಲೋ ಬಾಟಲಿಯನ್ನ ತೆಗೆಯೋದಕ್ಕೂ ಕೈ ಎಟುಕಬೇಕಲ್ಲ.

ಮುಂದಿನ ಬೇಸಿಗೆಗೆ ಆಚೆ ಬಡಾವಣೆಯ ಇನ್ನೊಂದು ಕೆರೆಗೆ ಟೆಂಡರ್ ಕರೀತಾರೆ ಅಂತ ಸುದ್ದಿ ಇದೆ. ಈ ಸಲ ಡ್ರಾಯಿಂಗ್ ಮುಗಿಯೋ ಮುಂಚೆಯೇ ಹೋಗ್ತೀವಿ. ಮೇಷ್ಟ್ರು ಅರ್ಜಿ ಬರೆದಾಗಿದೆ, ತಾತನೂ ಬರ್ತೀನಿ ಅಂದಿದ್ದಾನೆ, ಗಳ ತರಬೇಕಾ ಅಂತ ಕೇಳ್ದ. ತಾ ಅಂದಿದ್ದೀನಿ. ನಿಮ್ಮೂರ ಕೆರೆಯಲ್ಲಿ ಹೀಗೆ ಮೆಟ್ಟಿಲು ಬಿಟ್ಟು ಕೆಲಸ ಮಾಡಿದ ಒಂದಾದರೂ ಉದಾಹರಣೆ ಇದ್ದರೆ ಫೋಟೋ ಕಳಿಸಿ, ಅಗಲ ಎಷ್ಟು, ಎಷ್ಟು ಮೆಟ್ಟಿಲು, ಬೇಸಿಗೆಯಲ್ಲಿ ನೀರು ಎಲ್ಲಿಗೆ ನಿಲ್ಲುತ್ತೆ ಅಂತ ಜೊತೆಗೆ ಬರೆದು. ಅರ್ಜಿಗೆ ಪಿನ್ ಹೊಡೆದು ಕೊಡೋಕೆ ಬೇಕು.